ಯಜಮಾನಿ ದಾರಿ ಮರೆಯಲಿಲ್ಲ

ಹಾಲಿನ ಸಂಘದಲ್ಲಿ ಕ್ಯಾನು ತೊಳೆಯುವ ಆ ಹೆಂಗಸನ್ನು ಊರೆಲ್ಲ ಉಪ್ಪಕ್ಕ ಅಂತಲೇ ಕರೆಯುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು, ಕೇಳಿದರೆ ಅವಳೇ ಅರೆಗಳಿಗೆ ಯೋಚಿಸಬೇಕಿತ್ತು. ಹಾಲುಹಲ್ಲು ಉದುರುವ ವಯಸ್ಸಿನಿಂದ ಅಪ್ಪನ ಹಿಂದೆ ಉಪ್ಪಿನ ಚೀಲ ಹೊತ್ತು ಬೆಟ್ಟ ಹತ್ತಿದವಳು ಅವಳು. ದನಗಳನ್ನು ಬೆಟ್ಟಕ್ಕೆ ಹೊಡೆಯುವುದು ಬರೀ ಕೋಲಿನಿಂದ ಆಗುವ ಕೆಲಸವಲ್ಲ. ಮೇಲಿನ ಹುಲ್ಲುಗಾವಲಿನಲ್ಲಿ ಚಪ್ಪಟೆ ಬಂಡೆಯ ಮೇಲೆ ಹಿಡಿ ಉಪ್ಪು ಹರಡಿ, ಒಂದು ಹಸುವಿಗೆ ನೆಕ್ಕಿಸಿ ರುಚಿ ಹತ್ತಿಸಿಬಿಟ್ಟರೆ ಮುಗಿಯಿತು. ಆಮೇಲೆ ಅದು ತಾನೂ ಹೋಗುತ್ತದೆ, ಮಿಕ್ಕವನ್ನೂ ಕರೆದೊಯ್ಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವಳೂ ಅವಳ ತಮ್ಮನೂ ಊರಿನ ದನಗಳನ್ನೆಲ್ಲ ಹೀಗೇ ಮೇಯಿಸಿದರು. ಈಗ ಹಿಂಡಿನ ಮುಂದೆ ನಡೆಯುವ ಹಸುವನ್ನು ಕರುವಾಗಿನಿಂದ ಪಳಗಿಸಿದವಳೂ ಅವಳೇ. ಮಹಾ ಜಂಬದ ಪ್ರಾಣಿ ಅದು. ಊರು ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿತ್ತು.

ಮಂಡಿ ಹಿಡಿದುಕೊಂಡ ಮೇಲೆ ಉಪ್ಪಕ್ಕ ದನಗಳನ್ನು ತಮ್ಮನಿಗೆ ಒಪ್ಪಿಸಿ ಸಂಘದ ಕೆಲಸಕ್ಕೆ ಸೇರಿದಳು. ಇಂಥವಳು ಒಂದು ದಿನ ಸಂಘದ ಸಭೆಯಲ್ಲಿ ಎದ್ದುನಿಂತು, "ಇನ್ನು ಬೆಟ್ಟಕ್ಕೆ ದನ ಬಿಡೋದು ಬೇಡ" ಅಂದರೆ ಜನ ಸುಮ್ಮನಿರುತ್ತಾರೆಯೇ? ಹುಚ್ಚು ಹಿಡಿದಿದೆ ಅಂದರು.

ಆ ಬೆಟ್ಟ ರಕ್ಷಿತ ಉದ್ಯಾನವಾಗಿ ಎಷ್ಟೋ ಕಾಲವಾಗಿತ್ತು. ದನ ಮೇಯಿಸಬಾರದೆಂಬ ಬೋರ್ಡು ದಾರಿಯ ಬುಡದಲ್ಲೇ ಇತ್ತು. ದನಗಳು ಅದಕ್ಕೇ ಮೈ ಉಜ್ಜಿ ಅಕ್ಷರ ಅಳಿಸಿಹಾಕಿದ್ದವು. ಕಾವಲುಗಾರರು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದರು. ಆದರೆ ಉಪ್ಪಕ್ಕ ಕಣ್ಣಾರೆ ಕಂಡಿದ್ದಳು. ಅವಳು ಚಿಕ್ಕವಳಿದ್ದಾಗ ಅಕ್ಕತಮ್ಮ ಇಬ್ಬರೂ ಮಲಗಿದರೆ ಅಪ್ಪನ ಕಣ್ಣಿಗೆ ಬೀಳದಷ್ಟು ಎತ್ತರ ಬೆಳೆಯುತ್ತಿದ್ದ ಹುಲ್ಲು ಈಗ ಕೋಳಿಮೊಟ್ಟೆ ಮುಚ್ಚುವಷ್ಟೂ ಇರಲಿಲ್ಲ. ಒರತೆಯ ಸುತ್ತ ನೆಲ ಗೊರಸಿಗೆ ಸಿಕ್ಕಿ ರಾಡಿಯಾಗಿತ್ತು. ಕಾಡುಮೇಕೆಗಳಂತೂ ಆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದವು.

"ನಾವು ಮೇಯಿಸಿದ್ದು ಸಾಕು ಕಣ್ರೋ," ಅಂದಳು. "ಹೊಳೆ ದಂಡೇಲಿ ಸಂಘದ ಜಾಗ ಸುಮ್ನೆ ಬಿದ್ದಿದೆ. ಬೇಲಿ ಹಾಕಿ ಅಲ್ಲೇ ಮೇವು ಬೆಳೆಸೋಣ. ಬೆಟ್ಟಾನ ಅದರ ಪಾಡಿಗೆ ಬಿಟ್ಬಿಡಿ."

ಎಲ್ಲರಿಗಿಂತ ಮೊದಲು ಉರಿದುಬಿದ್ದವನು ಅವಳ ತಮ್ಮನೇ. "ಇವಳಿಗೇನು, ನೆರಳಲ್ಲಿ ಕೂರೋ ಕೆಲಸ ಸಿಕ್ತು. ದನ ಕಾಯೋರ ಹೊಟ್ಟೆಪಾಡು ಇವಳಿಗ್ಯಾಕೆ ಬೇಕು?" ಎಂದು ಎಲ್ಲರೆದುರು ಅಂದುಬಿಟ್ಟ. ಅಂದಿನಿಂದ ಮಾತೂ ಬಿಟ್ಟ. ಗೋಡೆಗೆ ಗೋಡೆ ತಾಗಿದ ಮನೆಗಳು. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತದೆ. ಅಂಥದ್ದರಲ್ಲಿ ತಮ್ಮನ ಬಾಯಿಂದ "ಅಕ್ಕ" ಅನ್ನುವ ಒಂದು ಕೂಗಿಲ್ಲ. ರಾತ್ರಿ ಆ ಗೋಡೆಗೇ ಕಿವಿಗೊಟ್ಟು ಮಲಗುತ್ತಿದ್ದಳು, ಸುಳ್ಳೇಕೆ ಹೇಳಲಿ? ಆದರೂ ಹಟ ಬಿಡಲಿಲ್ಲ. ಪ್ರತಿ ಸಭೆಯಲ್ಲೂ ಅದೇ ರಾಗ. ಕೊನೆಗೆ ತಲೆಚಿಟ್ಟು ಹಿಡಿದ ಸಂಘದ ಕಾರ್ಯದರ್ಶಿಯೇ ಒಂದು ದಾರಿ ಹುಡುಕಿದರು: ಈ ಸಲದ ಮೇವಿನ ಕಾಲ ಪೂರ್ತಿ ದನಗಳನ್ನು ಹೊಳೆದಂಡೆಯಲ್ಲೇ ಇಟ್ಟು ನೋಡುವುದು. ಅವು ಅಲ್ಲೇ ನಿಂತರೆ ಬೆಟ್ಟದ ಮೇವು ಶಾಶ್ವತವಾಗಿ ಬಂದ್. ಒಂದೇ ಒಂದು ಸಲ ಅವು ಬೆಟ್ಟ ಹತ್ತಿದರೂ ಉಪ್ಪಕ್ಕ ಇನ್ನೆಂದೂ ಈ ಮಾತೆತ್ತುವಂತಿಲ್ಲ. ಎಲ್ಲರೂ ಕೈಯೆತ್ತಿದರು. ತಮ್ಮನಂತೂ ಎರಡೂ ಕೈ ಎತ್ತಿದ. ಯಜಮಾನಿಯ ಸ್ವಭಾವ ಅವನಿಗೆ ಗೊತ್ತಿಲ್ಲವೇ?

ಕೆಲವು ವಾರ ಎಲ್ಲ ನೆಟ್ಟಗಿತ್ತು. ಒಂದು ಬೆಳಿಗ್ಗೆ ಉಪ್ಪಕ್ಕ ಕ್ಯಾನುಗಳನ್ನು ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡುತ್ತಾಳೆ, ಹೊಳೆದಂಡೆ ಖಾಲಿ! ಬೇಲಿಯ ಗೇಟು ಹಾರು ಹೊಡೆದಿತ್ತು, ಹಗ್ಗ ನೆಲದಲ್ಲಿ ಬಿದ್ದಿತ್ತು. ಇದು ಯಜಮಾನಿಯ ಕೊಂಬಿನ ಕೆಲಸವೇ ಎಂದುಕೊಂಡಳು. ಊರಿಗೆ ಊರನ್ನೇ ಒಪ್ಪಿಸಿದವಳು ಈ ಒಂದು ಹಸುವನ್ನು ಒಪ್ಪಿಸುವುದು ಮರೆತಿದ್ದಳು, ನೋಡಿ. ಅದೂ ತಾನೇ ಕಲಿಸಿದ ದಾರಿ. ಯಾರನ್ನು ಬೈಯುವುದು? ಹಸುವಿನ ವಂಶವನ್ನೆಲ್ಲ ಬೈಯುತ್ತ, ಮಂಡಿ ಒತ್ತಿಕೊಳ್ಳುತ್ತ ಬೆಟ್ಟ ಹತ್ತಿದಳು.

ಹುಲ್ಲುಗಾವಲಿನ ಅಂಚಿನಲ್ಲಿ ತಮ್ಮ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಗೆದ್ದವನ ಮುಖ ಇರಬೇಕಿತ್ತು, ಇರಲಿಲ್ಲ. ಯಜಮಾನಿ ಹಳೆಯ ಬಂಡೆಯನ್ನು ನೆಕ್ಕುತ್ತಿತ್ತು, ಹುಲ್ಲು ಅದರ ಮೊಣಕಾಲು ಮುಚ್ಚಿತ್ತು. ನಡುನಡುವೆ ಹಳದಿ ಹೂ. ಒರತೆಯ ಕೆಸರು ತಳ ಸೇರಿ ನೀರು ತಿಳಿಯಾಗಿತ್ತು, ಪಕ್ಕದ ಒದ್ದೆ ಮಣ್ಣಿನಲ್ಲಿ ಪುಟ್ಟ ಪುಟ್ಟ ಹೆಜ್ಜೆಗಳು. ಅವು ದನದವಲ್ಲ. ಕಾಡುಮೇಕೆ ಮರಿಗಳು ನೀರಿಗೆ ಬಂದು ಹೋಗಿದ್ದವು. ತಮ್ಮ ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಆಡಿಸಿದ. ಆಮೇಲೆ ಇಬ್ಬರೂ ಸೇರಿ ದನಗಳನ್ನು ತಿರುಗಿಸಿ ಇಳಿಸಿದರು. ದಾರಿಯುದ್ದಕ್ಕೂ ಅವನು ಮಾತಾಡಿದ್ದು ದನಗಳ ಜೊತೆ ಮಾತ್ರ. ಬೇರೆ ನರಪಿಳ್ಳೆಯೂ ಇದನ್ನು ನೋಡಿರಲಿಲ್ಲ.

ಅವತ್ತು ಸಂಜೆಯೇ ಸಭೆ. ಹಾಲಿನ ಹುಳಿವಾಸನೆಯ ಆ ಕೋಣೆಯಲ್ಲಿ ಜನ ಬೆಂಚು ಸಾಲದೆ ಕ್ಯಾನುಗಳ ಮೇಲೂ ಕೂತಿದ್ದರು. ಕಾರ್ಯದರ್ಶಿ ಕನ್ನಡಕ ಏರಿಸಿ, "ಏನಮ್ಮ ಉಪ್ಪಕ್ಕ, ದನ ಎಲ್ಲ ಕೆಳಗೇ ಇವೆ ತಾನೆ?" ಅಂದರು.

ಹೂಂ ಅಂದಿದ್ದರೆ ಆಗುತ್ತಿತ್ತು. ಹಾಳಾದ್ದು, ಬಾಯಿ ಬರಲಿಲ್ಲ. "ಇಲ್ಲ. ಬೆಳಿಗ್ಗೆ ಬೆಟ್ಟ ಹತ್ತಿಬಿಟ್ವು," ಅಂದಳು. ಇಷ್ಟು ಕಾಲ ಹೊಡೆದಾಡಿದ್ದೆಲ್ಲ ನೀರಲ್ಲಿ ಹೋಮವಾಯಿತು.

"ಮುಗೀತು ಬಿಡಿ ಹಾಗಾದ್ರೆ," ಅಂದ ಹಿಂದಿನಿಂದ ಯಾರೋ.

"ಏನು ಮುಗೀತು?" ತಮ್ಮ ಎದ್ದುನಿಂತ. "ಗೇಟಿನ ಹಗ್ಗ ಬಿಚ್ಚಿದ್ದು ನಾನು. ಬೇಕಂತಲೇ ಬಿಚ್ಚಿದೆ. ದನ ಮೇಲೆ ಹೋದ್ಮೇಲೆ ನಿಮ್ಮನ್ನೆಲ್ಲ ಕರ್ಕೊಂಡು ಹೋಗಿ ತೋರಿಸೋಣ ಅಂತ ಹಿಂದೇನೇ ಹೋದೆ. ಹೋಗಿ ನೋಡಿದ್ರೆ..." ಮಾತು ತಡವರಿಸಿತು. "ಹುಲ್ಲು ಬಂದಿದೆ ಕಣ್ರೋ. ಇಷ್ಟೇ ದಿನಕ್ಕೆ ಬಂದಿದೆ. ಅವು ತಾವಾಗಿ ಹತ್ತಲಿಲ್ಲ, ನಾನು ಹತ್ತಿಸಿದ್ದು. ಅದು ಲೆಕ್ಕಕ್ಕೆ ಬರಲ್ಲ."

ಉಪ್ಪಕ್ಕನಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

"ಸರಿಯಪ್ಪ, ಮುಂದೆ?" ಕಾರ್ಯದರ್ಶಿ ಕೇಳಿದರು.

"ಮುಂದೇನು, ಗೇಟಿಗೆ ಕಬ್ಬಿಣದ ಚಿಲಕ ಹಾಕೋದು. ಮೇವಿನ ಕಾಲ ಮುಗಿಯೋವರೆಗೂ ಬೆಟ್ಟದ ದಾರೀಲಿ ನಾನೇ ಕಾವಲು ನಿಲ್ತೀನಿ." ಆಮೇಲೆ ಅವನು ಅವಳ ಕಡೆ ತಿರುಗಿದ. "ಏನಕ್ಕಾ, ಹಾಗೆ ನೋಡ್ತೀಯ? ಬೈಯೋದಿದ್ರೆ ಬೈದುಬಿಡು."

ಬೈದಳು. ಮನೆ ಮುಟ್ಟುವವರೆಗೂ ಬಾಯಿ ತುಂಬ ಬೈದಳು. ಅವನು ಪಕ್ಕದಲ್ಲೇ ನಡೆಯುತ್ತ, ಹೂಂ ಅಕ್ಕ, ಹೂಂ ಅಕ್ಕ ಅನ್ನುತ್ತಿದ್ದ.