ಅಕ್ಕನ ನಳ, ನನ್ನ ಲಕೋಟೆ

ಈಗಷ್ಟೇ ನಮ್ಮ ಓಣಿಯಲ್ಲಿ ಗುಜರಿಯವನ ಗಾಡಿ ಹೋಯಿತು. "ಹಳೇ ಕಬ್ಬಿಣ, ಪ್ಲಾಸ್ಟಿಕ್ ಕೊಡ್ರೀ, ಉಳ್ಳಾಗಡ್ಡಿ ತಗೋರೀ" ಎಂದು ಅವನ ಮೈಕು ಒಂದೇ ರಾಗದಲ್ಲಿ ಒದರುತ್ತದೆ. ನಿಮಗೆ ಉಳ್ಳಾಗಡ್ಡಿ ಹೆಚ್ಚಿದರೆ ಕಣ್ಣು ಉರಿಯಬಹುದು. ನನಗೆ ಈ ಕೂಗು ಕೇಳಿದರೇ ಸಾಕು, ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಕೆಲವು ವರ್ಷಗಳ ಹಿಂದೆ ನಾನು ರಾಯಚೂರಿನ ಕೇಬಲ್ ವಾಹಿನಿಯೊಂದರಲ್ಲಿ ವಾರಕ್ಕೊಮ್ಮೆ ಮಾತಾಡುತ್ತಿದ್ದೆ. ಹೆಸರಿನ ಕೆಳಗೆ 'ವಿಶ್ಲೇಷಕರು' ಎಂದು ಹಾಕುತ್ತಿದ್ದರು. ವಿಶ್ಲೇಷಣೆ ಎಂದರೆ ಬೆಳಿಗ್ಗೆ ಓದಿದ ಪತ್ರಿಕೆಯನ್ನು ಸಂಜೆ ಕೈ ಬೀಸಿ ಹೇಳುವುದು. ಆದರೂ ಚಹಾದ ಅಂಗಡಿಯಲ್ಲಿ ನನಗಾಗಿ ಕುರ್ಚಿ ಖಾಲಿಯಾಗುತ್ತಿತ್ತು. ದೇವದುರ್ಗದಲ್ಲಿರುವ ನಮ್ಮಕ್ಕನಂತೂ ನನ್ನ ಕಾರ್ಯಕ್ರಮದ ಹೊತ್ತಿಗೆ ಒಲೆಯ ಮೇಲಿನ ಹಂಚು ಇಳಿಸಿ ಟಿವಿ ಮುಂದೆ ಕೂಡುತ್ತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು.

ಒಂದು ದಿನ ಸರಕಾರಿ ಇಲಾಖೆಯೊಂದರ ಕಡೆಯವರು ಮನೆಗೆ ಬಂದರು. ಬಲು ನಯಸ್ಥರು. "ಸರ್, ಮನಿ ಮನಿಗೆ ನಳದ ಯೋಜನೆ ಬಂದದ. ತಮ್ಮಂಥೋರು ನಾಕು ಒಳ್ಳೆ ಮಾತು ಆಡಬೇಕ್ರೀ" ಎಂದು ಗೌರವಧನದ ಲಕೋಟೆ ಇಟ್ಟರು. ಏನೇನು ಆಡಬೇಕೆಂಬ ಹಾಳೆಯನ್ನೂ ಇಟ್ಟರು. ಸರಕಾರಕ್ಕೂ ನನ್ನ ಮಾತು ಬೇಕಾಯಿತಲ್ಲ ಎಂದು ನಾನು ಉಬ್ಬಿಹೋದೆ.

ಆ ವಾರ ಎರಡೂ ಕೈಯಲ್ಲಿ ಹಾಳೆ ಹಿಡಿದು, "ನಮ್ಮ ಅಕ್ಕತಂಗಿಯರ ತಲೆಯ ಮೇಲಿನ ಕೊಡ ಇಳಿಯಿತು!" ಎಂದೆ. ಮರುದಿನ ಚಹಾದ ಅಂಗಡಿಯ ಖಾಜಾ ಭಾಯಿಗೆ ಕೆಂಡದಂಥ ಸಿಟ್ಟು.

"ನಿಮ್ ಮಾತು ಕದ್ದಾರ್ರೀ ಸಾಹೇಬ್ರ! ಮಾನ್ವಿ ಮಾಸ್ತರು ಇನ್ನೊಂದು ಚಾನಲ್‌ನಾಗ ಕೊಡ ಇಳೀತು ಅಂತ ನಿಮ್ದೇ ಡೈಲಾಗ್ ಹೊಡದ್ರು. ಕೇಸ್ ಹಾಕ್ರೀ!"

ಆ ಮಾಸ್ತರಿಗೂ ಅದೇ ಹಾಳೆ ಹೋಗಿದೆ ಎಂದು ನನಗೆ ತಿಳಿದುಹೋಯಿತು. "ಹೋಗ್ಲಿ ಬಿಡು ಭಾಯಿ, ದೊಡ್ಡ ಮನಸ್ಸು ಮಾಡೋಣ" ಎಂದೆ. ನನ್ನ ಔದಾರ್ಯಕ್ಕೆ ಮೆಚ್ಚಿ ಅವನು ಇನ್ನೊಂದು ಚಹಾ ಕೊಟ್ಟ. ಅದನ್ನೂ ಕುಡಿದೆ.

ಹದಿನೈದು ದಿನ ಬಿಟ್ಟು ದೇವದುರ್ಗಕ್ಕೆ ಹೋದೆ. ಅಕ್ಕನ ಅಂಗಳದಲ್ಲಿ ಹೊಸ ನಳ ನಿಂತಿತ್ತು. ನೀರು ಮಾತ್ರ ಇರಲಿಲ್ಲ. ಕೊಡಗಳಿಲ್ಲ, ಕೊಡ ತರುವ ತಳ್ಳುಬಂಡಿಯೂ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಂದು ಚೀಲ ಉಳ್ಳಾಗಡ್ಡಿ.

"ಅಕ್ಕಾ, ಕೊಡ ಎಲ್ಲಿ?"

"ಇಳೀತು ಅಂತ ನೀನೇ ಅಂದೆಲ್ಲೋ ತಮ್ಮಾ. ಬಂಡಿ, ಕೊಡ ಎಲ್ಲಾ ಗುಜರಿಯವಗ ಹಾಕಿದೆ."

"ನಳದಾಗ ನೀರು ಬರೋತನಾ ತಡೀಬೇಕಿತ್ತಲ್ಲ?"

"ಸುಳ್ಳು ಹೇಳುವಾಗ ನೀ ಮೂಗು ಕೆರಕೊಂತಿ. ಸಣ್ಣಾವಿದ್ದಾಗಿಂದ ನೋಡೀನಿ. ಅವತ್ತು ಕೆರಕೊಳ್ಳಿಲ್ಲ, ಅದಕ್ಕ ನಂಬಿದೆ."

ಅವತ್ತು ಎರಡೂ ಕೈಯಲ್ಲಿ ಹಾಳೆ ಇತ್ತು ಎಂದು ಹೇಗೆ ಹೇಳಲಿ? ಕೊನೆಗೆ ಹೇಳಿದೆ. ಲಕೋಟೆಯ ಸಂಗತಿಯನ್ನೂ ಹೇಳಿದೆ. ಅವಳು ಬೈಯಲಿಲ್ಲ. ಪಕ್ಕದ ಮನೆಯಿಂದ ಕಡ ತಂದ ಎರಡು ಕೊಡ ನನ್ನ ಕೈಗೆ ಕೊಟ್ಟು, "ನಡಿ, ಬೋರಿನ ಹಂತ್ಯಾಕ ಪಾಳಿ ಹಚ್ಚು" ಎಂದಳು. ಕೊಳವೆಬಾವಿಯ ಹತ್ತಿರ ಸಾಲಿನಲ್ಲಿದ್ದ ಹೆಣ್ಣುಮಕ್ಕಳು "ಟಿವ್ಯಾಗ ಬರೋರು ನೀವ ಅಲ್ಲೇನ್ರೀ?" ಎಂದು ಕೇಳಿದಾಗ ನಾನು ಕೊಡವನ್ನು ಮುಖಕ್ಕೆ ಅಡ್ಡ ಹಿಡಿದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮುಂದಿನ ವಾರ ವಾಹಿನಿಯಲ್ಲಿ, ದುಡ್ಡು ತೆಗೆದುಕೊಂಡು ಹೊಗಳಿದ್ದೆ ಎಂದು ಒಪ್ಪಿಕೊಂಡೆ. ಮಾತಿನ ನಡುವೆಯೇ ಸೀರೆ ಅಂಗಡಿಯ ಜಾಹೀರಾತು ಬಂತು. ಅದು ಮುಗಿಯುವಷ್ಟರಲ್ಲಿ ನನ್ನ ವಿಶ್ಲೇಷಕನ ಪದವಿಯೂ ಮುಗಿದಿತ್ತು.

ಈಗ ಅಕ್ಕನ ನಳಕ್ಕೆ ನಾಲ್ಕು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ ನೀರು ಬರುತ್ತದೆ. ಯೋಜನೆ ಪೂರ್ತಿ ಸುಳ್ಳಲ್ಲ, ನಾನು ಕಣ್ಣಿಂದ ನೋಡದೆ ಹೊಗಳಿದ್ದು ಸುಳ್ಳು. ಗುಜರಿ ಗಾಡಿ ಅತ್ತ ಹೋದದ್ದೇ, ನಾನು ದೇವದುರ್ಗದಲ್ಲಿ ನೀರು ಬಿಡುವವನಿಗೇ ಫೋನ್ ಹಚ್ಚಿ ಕೇಳಿದೆ. ಖಚಿತ ಮಾಡಿಕೊಂಡು ಅಕ್ಕನಿಗೆ ಹಚ್ಚಿದೆ.

"ಅಕ್ಕಾ, ನಾಳೆ ಮುಂಜಾನಿ ನಳಕ್ಕ ನೀರು ಬಿಡ್ತಾರ. ಖರೇನ."

"ನೀ ಹೇಳಿದ ಮ್ಯಾಲ ಖರೇನ ಇರ್ತದ ಬಿಡಪಾ."

ನನ್ನ ಎದೆ ಹಗುರವಾಯಿತು. ಹಿಂದೆ ಯಾರೋ ಜಗಳಾಡುವ ಗದ್ದಲ ಕೇಳಿಸುತ್ತಿತ್ತು.

"ಎಲ್ಲಿದ್ದೀ ಅಕ್ಕಾ?"

"ಬೋರಿನ ಹಂತ್ಯಾಕ. ನನ್ನ ಪಾಳಿ ಬಂತು, ನಾಳಿಗೂ ತುಂಬಿಕೋಬೇಕು, ಫೋನ್ ಇಡ್ತೀನಿ."