ಗಿರಣಿಯವರ ಹೆಸರು

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆ ಸೋಮವಾರವೂ ಎಂದಿನಂತೆಯೇ ಇತ್ತು. ಬೆಲ್ಟು ಪಟಪಟ ಬಡಿದುಕೊಳ್ಳುತ್ತಿತ್ತು. ಬಿಸಿ ರಾಗಿಹಿಟ್ಟಿನ ವಾಸನೆ ಬೀದಿಯ ತುದಿಯವರೆಗೂ ಹರಡಿತ್ತು. ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿದ್ದವು. ಯಾರೋ ಮೆಣಸಿನಕಾಯಿ ಬೀಸಿಸಿಕೊಂಡು ಹೋದ ಮೇಲೆ, ಕಲ್ಲಿಗೆ ಅಂಟಿದ ಖಾರ ಹೋಗಲೆಂದು ಅಪ್ಪ ನಮ್ಮ ಮನೆಯ ಎರಡು ಹಿಡಿ ಅಕ್ಕಿ ಹಾಕಿ ಓಡಿಸಿದರು. ಆ ಕೆಂಪು ಹಿಟ್ಟಿನಲ್ಲೇ ಅಕ್ಕ ಸಂಜೆ ರೊಟ್ಟಿ ತಟ್ಟಿದಳು. ನಾವಿಬ್ಬರೂ ಮೂಗು ಒರೆಸಿಕೊಳ್ಳುತ್ತಾ ತಿಂದೆವು. ಅಪ್ಪ ನೋಡಿ ನಕ್ಕರು.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಅಮ್ಮ ಮೊದಲೇ ಇರಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ದೊಡ್ಡಪ್ಪ ನಮ್ಮಿಬ್ಬರನ್ನೂ ಶಾಲೆಗೆ ಕರೆದುಕೊಂಡು ಹೋದರು. ನಮಗೆ ಮನೆತನದ ಹೆಸರು ಎಂಬುದಿರಲಿಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರವನ್ನೇ ನಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದೆವು.

"ಇನ್ಮೇಲೆ ಇವಕ್ಕೆ ನಾನೇ ಅಪ್ಪ. ನನ್ನ ಅಕ್ಷರಾನೇ ಬರ್ಕೊಳ್ಳಿ ಮೇಷ್ಟ್ರೇ" ಎಂದರು ದೊಡ್ಡಪ್ಪ. ಅವರು ಕೆಟ್ಟವರಲ್ಲ. ಮೇಷ್ಟರು ಪೆನ್ನಿನ ಕ್ಯಾಪು ತೆಗೆದರು.

ಅಕ್ಕ ಹೋಗಿ ರಿಜಿಸ್ಟರಿನ ಮೇಲೆ ಅಂಗೈ ಊರಿಬಿಟ್ಟಳು. "ಅನ್ನ ಹಾಕಿ ದೊಡ್ಡಪ್ಪ, ಉಣ್ತೀವಿ. ಅಪ್ಪನ ಹೆಸ್ರು ಮಾತ್ರ ಮುಟ್ಬೇಡಿ."

"ಏಯ್, ಎಷ್ಟೇ ಜಂಬ ನಿಂಗೆ!"

ಅಕ್ಕ ಕೈ ತೆಗೆಯಲಿಲ್ಲ. ಮೇಷ್ಟರು ಏನೂ ಬದಲಿಸದೆ ಕ್ಯಾಪು ಮುಚ್ಚಿದರು.

ಮೊಮ್ಮಕ್ಕಳೇ, ನಿಮ್ಮ ಮೊಲಿನಾ ಎಂಬ ಹೆಸರು ಸ್ಪೇನಿನದು. ಅದು ಹುಟ್ಟಿದ್ದೂ ಗಿರಣಿಯಿಂದಲೇ. ಅಲ್ಲಿ ಹಿಂದೆ ಹೊಳೆಯ ನೀರಿನಿಂದ ಕಲ್ಲು ತಿರುಗಿಸಿ ಗೋಧಿ ಬೀಸುತ್ತಿದ್ದರು. ಗಿರಣಿಯಿಂದ ಊರಿಗೆ ಆ ಹೆಸರು ಬಂತು, ಊರಿನಿಂದ ಜನರಿಗೆ ಅಂಟಿತು. ನಿಮ್ಮಪ್ಪನ ತಾತ ಅದನ್ನು ಹೊತ್ತು ಹಡಗಿನಲ್ಲಿ ಮೆಲ್ಬರ್ನಿಗೆ ಬಂದರು. ನನಗೆ ಅಳಿಯನಾಗಿ ಬಂದ ನಿಮ್ಮಪ್ಪ ಇದನ್ನೆಲ್ಲ ಮೊದಲ ಸಲ ಹೇಳಿದ ದಿನ ನಾನು, "ಹಾಗಾದ್ರೆ ನೀನು ನಮ್ಮೋನೇ ಕಣಯ್ಯಾ" ಎಂದಿದ್ದೆ. ಕನ್ನಡ ಬಾರದಿದ್ದರೂ ಅವನಿಗೆ ಅದು ಅರ್ಥವಾಗಿತ್ತು.

ಅವನು ತೀರಿಕೊಂಡ ಮೇಲೆ ನೀವು ಅಮ್ಮನ ಜೊತೆ ಸಿಡ್ನಿಗೆ, ಟೂಂಗಾಬಿಯ ನಮ್ಮ ಮನೆಗೆ ಬಂದಿರಿ. ಹೊಸ ಶಾಲೆಯ ಫಾರ್ಮ್ ತುಂಬುವಾಗ ಪಕ್ಕದ ಮನೆಯ ಆಂಟಿ ಬಂದಿದ್ದರು.

"ಅಂಕಲ್, ಫ್ರೆಶ್ ಸ್ಟಾರ್ಟ್ ಮಾಡಿ. ಸರ್‌ನೇಮ್‌ಗೆ ನಿಮ್ ಹೆಸ್ರೇ ಹಾಕ್ಬಿಡಿ. ಇನ್ಮೇಲೆ ಇವ್ರಿಗೆ ನೀವೇ ತಾನೆ ಡ್ಯಾಡಿ?"

"ಇಲ್ಲಮ್ಮ. ನಾನು ತಾತ. ತಾತ ಆಗೇ ಇರ್ತೀನಿ."

"ಸ್ಪ್ಯಾನಿಷ್ ಹೆಸ್ರು ಇಟ್ಕೊಂಡು ಏನ್ ಮಾಡ್ತಾರೆ ಅಂಕಲ್?"

"ಹೊರ್ತಾರೆ" ಎಂದೆ. ನಿಮ್ಮಮ್ಮ ಮೊಲಿನಾ ಎಂದು ಟೈಪ್ ಮಾಡಿದಳು.

ನಮ್ಮ ಕಾಲದಲ್ಲಿ ಹೆಸರು ಕಾಯಲು ಶಾಲೆಯ ಆ ದಪ್ಪ ರಟ್ಟಿನ ರಿಜಿಸ್ಟರು ಒಂದೇ ಇತ್ತು. ನಿಮ್ಮ ಹೆಸರು ಪಾಸ್‌ಪೋರ್ಟ್, ಲೈಬ್ರರಿ ಕಾರ್ಡು, ಸಾಕರ್ ಜೆರ್ಸಿಯ ಬೆನ್ನು ಎಲ್ಲದರ ಮೇಲೂ ಇದೆ. ಅಳಿಸಿ ಎಂದು ಹೇಳುವವರು ಇನ್ನೂ ಬರುತ್ತಾರೆ. ಅಳಿಸಬೇಡಿ.

ಸ್ಪೇನಿನ ಆ ಗಿರಣಿ ಯಾವ ಹೊಳೆಯ ದಂಡೆಯಲ್ಲಿತ್ತು ಎಂದು ನಾನು ಕೇಳಲೇ ಇಲ್ಲ. ನಿಮ್ಮಪ್ಪನಿಗೆ ಗೊತ್ತಿತ್ತು. ಅವನ ಕಡೆಯ ಹಿರಿಯರು ಈಗ ಯಾರೂ ಇಲ್ಲ. ನಮಗೆ ಗೊತ್ತಿಲ್ಲ.