ಮಾನ್ವಿ ಅಜ್ಜಿಯ ಕೊಬ್ಬು

“ಅಮ್ಮಾ, ನಿಮಗೆ ಕೊಬ್ಬು ಜಾಸ್ತಿ ಇದೆ” ಎಂದು ರಾಯಚೂರಿನ ಡಾಕ್ಟರಮ್ಮ ಹೇಳಿದ್ದೇ ತಡ, ನಿಮ್ಮ ಮಾನ್ವಿ ಅಜ್ಜಿ ಕುರ್ಚಿ ಬಿಟ್ಟು ಎದ್ದರು.

“ಯಾರಿಗೆ ಅಂತೀಯವ್ವಾ? ನನಗಾ? ನನಗ ಕೊಬ್ಬು ಅಂತ ನಮ್ಮತ್ತಿ ಸೈತ ಅಂದಿದ್ದಿಲ್ಲ!”

ಡಾಕ್ಟರಮ್ಮ ಮೈಸೂರು ಕಡೆಯವರು, ವಯಸ್ಸು ಚಿಕ್ಕದು. ಅವರು ಹೇಳಿದ್ದು ರಕ್ತದಲ್ಲಿರುವ ಕೊಬ್ಬು, ಕೊಲೆಸ್ಟ್ರಾಲ್. ನಮ್ಮಲ್ಲಿ ಹೆಂಗಸಿಗೆ ಕೊಬ್ಬು ಬಂದಿದೆ ಅಂದರೆ ಸೊಕ್ಕು ಬಂದಿದೆ ಎಂದೇ ಅರ್ಥ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಬಾಗಿಲ ಕಡೆ ಕತ್ತು ಹೊರಳಿಸಿದರು. ನಾನು ಸೆರಗು ಬಾಯಿಗೆ ಹಿಡಿದು ಗೋಡೆ ನೋಡುತ್ತಾ ನಿಂತೆ. ನಗು ಬಂದಿತ್ತು, ಹೆದರಿಕೆಯೂ ಇತ್ತು.

ಹೆದರಿಕೆ ಶುರುವಾದದ್ದು ಕೃಷ್ಣಾ ಹೊಳೆಯ ದಂಡೆಯ ಊರಾದ ಗೂಗಲ್‌ನಲ್ಲಿ. ಅಲ್ಲಮಪ್ರಭುವಿನ ಗುಡಿಗೆ ನಾವಿಬ್ಬರೂ ಹೋಗಿದ್ದೆವು. ಹೊಳೆಯಿಂದ ಮೇಲೆ ಬರುವಾಗ ಅವರು ಅರ್ಧ ದಾರಿಯಲ್ಲೇ ಕೂತುಬಿಟ್ಟರು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, “ಏನಿಲ್ಲ, ಬಿಸಲು” ಅಂದರು. ಆ ಅಂಗೈ ನನಗೆ ಗೊತ್ತಿತ್ತು. ನಿಮ್ಮ ಅಜ್ಜ ತೀರಿಕೊಳ್ಳುವ ಮೊದಲು ಹಾಗೆಯೇ ಕೂತಿದ್ದರು, ಹಾಗೆಯೇ “ಏನಿಲ್ಲ” ಅಂದಿದ್ದರು. ಮಾನ್ವಿ ಅಜ್ಜಿ ಅವರ ಒಡಹುಟ್ಟಿದ ಅಕ್ಕ.

ಅವರು ಬಾಯಿ ಮಾಡಿದಾಗ ನೀವು ಮೊಮ್ಮಕ್ಕಳು ಒಳಗೆ ಓಡಿಹೋಗಿ ನಗುತ್ತೀರಿ. ನಗಿರಿ, ಬೇಡ ಅನ್ನುವುದಿಲ್ಲ. ಆದರೆ ಆ ಬಾಯಿ ನನಗೆ ಮಾಡಿದ ಉಪಕಾರ ನಿಮಗೆ ಗೊತ್ತಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ನನ್ನ ತವರೂರು ಮಸರಕಲ್ಲಿನ ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು ಓಗೊಟ್ಟದ್ದು ಮಾಸ್ತರಿಗೆ ಕೇಳಿಸದೆ, ಮುಂದಿನ ಸಾಲಿನಲ್ಲಿ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಅಂಥ ದನಿ ನನ್ನದು.

ನಿಮ್ಮ ಅಜ್ಜ ಹೋದ ಮೇಲೆ ಮಾನ್ವಿಯಲ್ಲಿ ಅವರ ಮನೆಯಲ್ಲಿ ಒಂದು ಮದುವೆಯಾಯಿತು. ಅವರದು ಅಕ್ಕಿ ಗಿರಣಿಯ ಮನೆತನ, ಬಂದುಹೋಗುವ ಜನ ಬಹಳ. ನಾನು ಹಿಂದಿನ ಕೋಣೆಯಲ್ಲಿ ಅಕ್ಕಿ ಚೀಲಗಳ ಬದಿಗೆ ಹೋಗಿ ಕೂತೆ. ಮುಂದೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲೇ ಕೂತಿದ್ದೆ. ಮಾನ್ವಿ ಅಜ್ಜಿ ಹುಡುಕಿಕೊಂಡು ಬಂದು ರಟ್ಟೆ ಹಿಡಿದು ಎಬ್ಬಿಸಿದರು.

“ಇಲ್ಲೇನು ಇಲಿ ಕಾಯಾಕತ್ತೀಯೇನ? ಏಳು ಮ್ಯಾಲ!”

ಹಂದರದಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಮೊದಲ ಅಕ್ಷತೆಯನ್ನು ನನ್ನ ಕೈಗೆ ಹಾಕಿದರು. ಹಿಂದೆ ಯಾರೋ ಗೊಣಗಿದರು. ಅವರು ತಿರುಗಿ, “ಇಕಿ ನನ್ನ ತಂಗಿ. ಯಾರಿಗರ ತ್ರಾಸಾಗಿದ್ರ ಉಂಡು ಹೋಗ್ರಿ, ಹಸಕೊಂಡು ಹೋಗಬ್ಯಾಡ್ರಿ” ಅಂದರು. ಗೊಣಗಿದವರೂ ನಕ್ಕುಬಿಟ್ಟರು. ಅಲ್ಲಿಂದ ಈಚೆಗೆ ನಾನು ಯಾವ ಮನೆಯಲ್ಲೂ ಹಿಂದೆ ಹೋಗಿ ಕೂತಿಲ್ಲ.

ಅಂಥವರನ್ನು ಕಳೆದುಕೊಳ್ಳಲು ನನ್ನಲ್ಲಿ ಧೈರ್ಯವಿರಲಿಲ್ಲ. ಅದಕ್ಕೇ ಅವರನ್ನು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ.

ಡಾಕ್ಟರಮ್ಮ ಪಾಪ, ಅವತ್ತು ನಿಧಾನವಾಗಿ ತಿಳಿಸಿ ಹೇಳಿದ್ದರು. ರಕ್ತನಾಳದ ಒಳಗೆ ಜಿಡ್ಡು ಕೂರುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಆ ಜಿಡ್ಡೂ ಕೆಡುತ್ತದೆ, ಆಮೇಲೆ ರಕ್ತದ ದಾರಿ ಸಣ್ಣದಾಗುತ್ತದೆ ಎಂದು. ದಿನಾ ಊಟವಾದ ಮೇಲೆ ಒಂದು ಗುಳಿಗೆ ಎಂದು ಬರೆದುಕೊಟ್ಟರು. ಬಸ್ಸು ಹತ್ತಿದ ಕೂಡಲೇ ಮಾನ್ವಿ ಅಜ್ಜಿ ಆ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು.

“ನೀನೇ ನುಂಗು. ನಾ ಇದನ್ನ ನುಂಗಿದ್ರ, ಹೌದವ್ವಾ ನನಗ ಕೊಬ್ಬು ಅದ ಅಂತ ಒಪ್ಪಿಕೊಂಡಂಗ.”

ಮುಂದಿನ ವಾರ ದೇವದುರ್ಗದ ಸಂತೆಯಿಂದ ಒಂದು ಪುಡಿ ತರಿಸಿಕೊಂಡರು. ಮತ್ತಿ ಮರದ ತೊಗಟೆಯದು, ಎದೆಗೆ ಒಳ್ಳೆಯದು ಎಂದು ಮಾರುವವನು ಹೇಳಿದ್ದನಂತೆ. ನಮ್ಮ ಹಿರಿಯರೂ ಮತ್ತಿ ತೊಗಟೆಯ ಕಷಾಯ ಮಾಡುತ್ತಿದ್ದರು. ಆದರೆ ಆ ಪುಡಿಯಲ್ಲಿ ತೊಗಟೆ ಎಷ್ಟು, ಇನ್ನೇನು ಎಷ್ಟು ಎಂದು ಬಲ್ಲವರು ಯಾರು? ಅದರ ಜೊತೆಗೆ ನನಗೂ ಒಂದು ಅಪ್ಪಣೆಯಾಯಿತು. “ನಿಮ್ಮವ್ವ ಮಾಡ್ತಿದ್ಳಲ್ಲ ಸೊಪ್ಪು ಗಿಪ್ಪು, ಅದನ್ನ ಮಾಡಿ ಹಾಕು. ಅದು ಸಾಕು.”

ನನಗೆ ಹಿಗ್ಗೋ ಹಿಗ್ಗು. ಅವರಿಗೆ ಕೊಡಲು ನನ್ನ ಹತ್ತಿರವೂ ಏನೋ ಇತ್ತಲ್ಲ! ಮಸರಕಲ್ಲಿನಲ್ಲಿ ನಮ್ಮವ್ವ ಕಳೆ ತೆಗೆಯಲು ಹೋದವಳು ಬರುವಾಗ ಸೆರಗಿನ ತುಂಬಾ ಹಕ್ಕರಕಿ ಸೊಪ್ಪು ತರುತ್ತಿದ್ದಳು. ತೊಳೆದು ಹಸಿಯದನ್ನೇ ಜೋಳದ ರೊಟ್ಟಿಯ ಜೊತೆ ತಿನ್ನುತ್ತಿದ್ದೆವು. ಮೆಂತ್ಯದ ಸೊಪ್ಪೂ ಹಸಿಯದೇ. ನುಗ್ಗೆ ಸೊಪ್ಪಿಗೆ ತೊಗರಿಬೇಳೆ. ಅಗಸೆ ಬೀಜ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದರೆ ಅಗಸೆ ಹಿಂಡಿ. ಕೊಲೆಸ್ಟ್ರಾಲ್ ಎಂಬ ಶಬ್ದ ಅವಳ ಕಿವಿಗೆ ಬಿದ್ದಿರಲಿಲ್ಲ. “ತಿನ್ರಿ, ಮೈ ಹಗುರ ಇರತದ” ಅನ್ನುತ್ತಿದ್ದಳು, ಅಷ್ಟೆ.

ನಾನು ಮಾನ್ವಿಗೆ ಹೋಗಿ ಉಳಿದುಕೊಂಡೆ. ಹೋಗುವ ಮೊದಲು, ಗಿಲ್ಲೆಸುಗೂರಿನಿಂದ ನಮ್ಮೂರಿಗೆ ಬಸ್ಸಿನಲ್ಲಿ ಸೊಪ್ಪು ತಂದು ಮಾರುವ ಹೆಂಗಸಿನ ಹತ್ತಿರ ನುಗ್ಗೆ ಸೊಪ್ಪು ಕೊಂಡು, ನಮ್ಮ ಮನೆಯಲ್ಲಿ ನೆರಳಿಗೆ ಒಣಗಿಸಿ ಒಯ್ದಿದ್ದೆ. ಅವರು ಚಪ್ಪರಿಸಿಕೊಂಡು ತಿಂದರು. ಹಿಂಡಿಗೆ ಮಾತ್ರ ಎಣ್ಣೆ ಬೇಕೆಂದು ಹಟ. “ಎಣ್ಣಿ ಇಲ್ಲದ ಹಿಂಡಿ, ಗಂಟಲದಾಗ ಮಣ್ಣಿನ ರಸ್ತಿ ಇದ್ದಂಗ” ಅಂದರು. ನಾನು ಮಜ್ಜಿಗೆ ಕಲಸಿ ಕೊಟ್ಟೆ. ಗುಳಿಗೆಯ ಪೊಟ್ಟಣ ಗೋಡೆಯ ಗೂಡಿನಲ್ಲಿ ಹಾಗೆಯೇ ಇತ್ತು.

ಒಂದು ಸಂಜೆ ಅವರು ಅಟ್ಟದ ಏಣಿಯಿಂದ ಇಳಿದು ಬಂದವರು ಕಂಬ ಹಿಡಿದು ನಿಂತರು. ಮತ್ತೆ ಅದೇ ಅಂಗೈ, ಎದೆಯ ಮೇಲೆ. ಸ್ವಲ್ಪ ಸುಧಾರಿಸಿಕೊಂಡು ಊಟಕ್ಕೆ ಕೂತರು. ತಾಟಿನಲ್ಲಿ ನುಗ್ಗೆ ಪಲ್ಯ ನೋಡಿ ಮುಖ ಅರಳಿತು.

“ನೋಡು, ನಿನ್ನ ಕೈಯಾಗಿನ ಪಲ್ಯ ಇರೂತನ ನನಗ್ಯಾಕ ಬೇಕು ಗುಳಿಗಿ?”

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಅವರ ಮಾತಿಗೆ ಎಂದೂ ಎದುರಾಡಿದವಳಲ್ಲ. ದನಿ ಹೇಗೆ ಬಂತೋ ಗೊತ್ತಿಲ್ಲ.

“ಅಕ್ಕಾರ, ನಿಮ್ಮ ತಮ್ಮನೂ ಇದೇ ಪಲ್ಯ ಉಂಡಾರ್ರಿ. ಹಕ್ಕರಕಿ, ಅಗಸಿ ಹಿಂಡಿ, ಎಲ್ಲಾ. ನಾನೇ ಮಾಡಿ ಹಾಕೀನಿ, ಒಂದಿನ ತಪ್ಪಿಸಿಲ್ಲ. ಆದ್ರೂ ಹ್ವಾದ್ರು. ಇದು ಊಟರೀ, ಔಷಧ ಅಲ್ಲ. ನೀವೂ ಹ್ವಾದ್ರ ನನ್ನ ಮತ್ತ ಹಿಂದಿನ ಕ್ವಾಣ್ಯಾಗಿಂದ ಯಾರು ಎಬ್ಬಸ್ತಾರ?”

ಹಂಚಿನ ಮೇಲಿನ ರೊಟ್ಟಿ ಕರಿಯಾಗತೊಡಗಿತು. ಇಬ್ಬರೂ ಅದನ್ನು ತಿರುವಲಿಲ್ಲ. ಅವರು ತಾಟಿನಲ್ಲಿದ್ದುದನ್ನೆಲ್ಲ ಉಂಡು, ಕೈ ತೊಳೆದು, ಗೂಡಿನ ಹತ್ತಿರ ಹೋದರು.

“ನೀರು ತಾ” ಅಂದರು.

ಆಮೇಲೆ ರಾಯಚೂರಿಗೆ ಹೋದಾಗ ಎದೆ ಹಿಡಿದದ್ದನ್ನೂ, ತಿನ್ನುವುದೆಲ್ಲವನ್ನೂ ಡಾಕ್ಟರಮ್ಮನಿಗೆ ನಾನೇ ಹೇಳಿದೆ. ಅವರು ಎದೆಯನ್ನೂ ಪರೀಕ್ಷೆ ಮಾಡಿಸಿ, ಗುಳಿಗೆ ಬಿಡಲೇಬಾರದು ಎಂದರು. ಸೊಪ್ಪು, ಮೆಂತ್ಯ, ಅಗಸೆ ಎಲ್ಲ ಒಳ್ಳೆಯದು, ಬೆಟ್ಟದ ನೆಲ್ಲಿಕಾಯಿಯೂ ಇರಲಿ, ಜಿಡ್ಡಿಗೆ ಹಿಡಿಯುವ ಆ ತುಕ್ಕಿನ ಕಾಟಕ್ಕೆ ಅದು ಒಳ್ಳೆಯದು ಎಂದರು. ಸಂತೆಯ ಪುಡಿಯನ್ನು ಮಾತ್ರ ನಿಲ್ಲಿಸಿ, ಅದರಲ್ಲಿ ಏನಿದೆ ಎಂದು ತಿಳಿಯದೆ ಗುಳಿಗೆಯ ಜೊತೆ ತೆಗೆದುಕೊಳ್ಳಬೇಡಿ ಎಂದು ಎಚ್ಚರಿಸಿದರು. “ನಮ್ಮ ಮನೆಗೂ ಸ್ವಲ್ಪ ಅಗಸೆ ಹಿಂಡಿ ತರ್ತೀರಾ?” ಎಂದು ಕೇಳಿದರು. ಅದೂ ಒಂದು ಮರ್ಯಾದೆಯೇ ಅನ್ನಿಸಿತು ನನಗೆ.

ಈಗ ಮಾನ್ವಿ ಅಜ್ಜಿ ಗೂಗಲ್ಲಿನ ಹೊಳೆಯಿಂದ ಮೇಲೆ ಬರುವಾಗ ಕೂರುವುದಿಲ್ಲ. ನಿಧಾನಕ್ಕೆ, ಹಿಂದೆ ಬರುವವರನ್ನೆಲ್ಲ ಬೈಯುತ್ತಾ ಬರುತ್ತಾರೆ. ಆ ಬೈಗುಳ ಕೇಳಿದಾಗಲೆಲ್ಲ ನಾನು ಅಲ್ಲಮಪ್ರಭುವಿಗೂ ಆ ಚಿಕ್ಕ ಡಾಕ್ಟರಮ್ಮನಿಗೂ ನಮ್ಮವ್ವನಿಗೂ ಕೈ ಮುಗಿಯುತ್ತೇನೆ. ಯಾರ ಪಾಲು ಎಷ್ಟು ಎಂದು ನನಗೆ ತಿಳಿಯದು.

ಮೊನ್ನೆ ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಕಾಗದ ನೋಡಿ, “ಅಮ್ಮಾ, ನಿಮ್ಮ ಕೊ…” ಎಂದು ತಡೆದು, “ಜಿಡ್ಡು ತುಂಬಾ ಇಳಿದಿದೆ” ಅಂದರು.

“ಕೊಬ್ಬು ಅನ್ನವ್ವಾ, ಏನಾಗಲ್ಲ” ಅಂದರು ಮಾನ್ವಿ ಅಜ್ಜಿ. ನನ್ನ ಕಡೆ ಕೈ ತೋರಿಸಿ, “ಅರ್ಧ ಇಕಿಗೆ ಕೊಟ್ಟೀನಿ. ಈಗ ನನಗೇ ಎದುರು ಮಾತಾಡ್ತಾಳ!”

ನಾನು ಗೋಡೆ ನೋಡಲಿಲ್ಲ. “ಹೌದ್ರಿ, ಖರೇ ಅದ” ಅಂದೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿತಂತೆ.